ಬ್ಯಾಚ್ ನಲವತ್ತೊಂದಕ್ಕೆ ಎಷ್ಟು ಅಂಕ?

೧

ಎಲ್ಲಿಂದ ಶುರು ಮಾಡಲಿ, ಹೇಳಿ? ಪ್ಯಾಕೆಟ್ಟಿನ ಮೇಲಾದರೆ ಬಾಣದ ಗುರುತು ಹಾಕಿ ‘ಇಲ್ಲಿ ಹರಿಯಿರಿ’ ಎಂದು ಬರೆದಿರುತ್ತದೆ. (ಬರೆದವನು ನಾನೇ.) ಕಥೆಗೆ ಅಂಥ ಬಾಣವಿಲ್ಲ. ಎಲ್ಲಿ ಹಿಡಿದು ಎಳೆದರೂ ಮೂಲೆಯಷ್ಟೇ ಕಿತ್ತು ಬರುತ್ತದೆ, ಆಮೇಲೆ ಹಲ್ಲು ಹಾಕಬೇಕಾಗುತ್ತದೆ.

ಮೊದಲ ಡ್ರಾಫ್ಟು ಹೀಗಿತ್ತು: ‘ಪ್ರವಾಹ ಎಲ್ಲವನ್ನೂ ನುಂಗಿತ್ತು. ಶಿಬಿರದಲ್ಲಿ ಒಬ್ಬ ತಾಯಿ ನಡುಗುವ ಕೈಯಿಂದ ಪ್ಯಾಕೆಟ್ಟು ಒಡೆದಳು...’ ಹರಿದು ಹಾಕಿದೆ. ಆ ತಾಯಿ ಪುಟದೊಳಗಿಂದ ತಲೆಯೆತ್ತಿ, ‘ಸ್ವಾಮಿ, ನಿಮಗೆ ನಡುಗೋ ಕೈ ಬಿಟ್ರೆ ಬೇರೆ ಕೈ ಗೊತ್ತೇ ಇಲ್ವಾ?’ ಎಂದು ಕೇಳಿದಂತಾಯಿತು.

೨

ನನ್ನ ಹೊಟ್ಟೆಪಾಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನಬೇಡಿ. ರೆಡಿ-ಟು-ಈಟ್ ಊಟ ತಯಾರಿಸುವ ಕಾರ್ಖಾನೆಯೊಂದಕ್ಕೆ ನಾನು ಲೇಬಲ್ ಬರೆಯುತ್ತೇನೆ. ಒಂದೇ ಪಾತ್ರೆಯ ತರಕಾರಿ ಅನ್ನಕ್ಕೆ ಎರಡು ಅಂಗಿ. ಹಸಿರು ಪ್ಯಾಕೆಟ್ಟು ಕ್ಯಾಂಪಿಂಗ್ ಹೋಗುವವರಿಗೆ: ‘ಕಾಡಿನ ಮೌನದಲ್ಲಿ ಒಂದು ಬಿಸಿ ತುತ್ತು.’ ಕಿತ್ತಳೆ ಪ್ಯಾಕೆಟ್ಟು ತುರ್ತು ಪರಿಸ್ಥಿತಿಗೆ: ‘ಧೈರ್ಯಗೆಡಬೇಡಿ. ನೀರು ಹಾಕಿ. ಹತ್ತು ನಿಮಿಷ ಕಾಯಿರಿ.’ ಮನೆ ಇರುವವರು ಮನೆ ಬಿಟ್ಟು ಹೋಗಿ ತಿನ್ನುವುದು ಹಸಿರು. ಮನೆಯೇ ತಮ್ಮನ್ನು ಬಿಟ್ಟು ಹೋದವರು ತಿನ್ನುವುದು ಕಿತ್ತಳೆ. ಹಸಿರಿಗೆ ದುಪ್ಪಟ್ಟು ಬೆಲೆ.

ಎರಡರ ಮೇಲೂ ‘ಅಮ್ಮನ ಕೈರುಚಿ’ ಎಂದಿದೆ. (ನಮ್ಮಮ್ಮನ ಅಡುಗೆ ತಿಂದವರು ಈ ಸಾಲು ನೋಡಿದರೆ ಪ್ಯಾಕೆಟ್ಟು ಕೆಳಗಿಟ್ಟು ಓಡುತ್ತಾರೆ.) ನಾನಂತೂ ಇವತ್ತಿನವರೆಗೂ ಅದರ ಒಂದಗುಳೂ ತಿಂದವನಲ್ಲ. ಬರೆಯುವವನು ತಿನ್ನಬೇಕು ಎಂದು ಯಾವ ಒಪ್ಪಂದದಲ್ಲೂ ಇಲ್ಲ.

೩

ಈಗ ನಾಯಕಿ ಬರುತ್ತಾಳೆ, ಸ್ವಲ್ಪ ದಾರಿ ಬಿಡಿ.

ಕಾರ್ಖಾನೆಯ ಹಿಂಬದಿಯಲ್ಲಿ ರುಚಿ ಕೋಣೆ. ಬಿಳಿ ಗೋಡೆ, ಬಿಳಿ ಮೇಜು, ಮೂರು ಕುರ್ಚಿ, ಬಾಯಿ ಮುಕ್ಕಳಿಸಲು ಮೂರು ಲೋಟ ಉಗುರುಬೆಚ್ಚಗಿನ ನೀರು. ಪ್ರತಿ ಬ್ಯಾಚಿನಿಂದ ಇಪ್ಪತ್ತು ಪ್ಯಾಕೆಟ್ಟು ತೆಗೆದಿಟ್ಟು, ಆರು ತಿಂಗಳಿಗೊಮ್ಮೆ ಮತ್ತು ಲಾರಿ ಹೊರಡುವ ಮುನ್ನ ಒಂದನ್ನು ಒಡೆದು ಮೂವರು ರುಚಿ ನೋಡುತ್ತಾರೆ. ಕ್ರಿಮಿ ಇದೆಯಾ ಎಂದು ಯಂತ್ರ ನೋಡುತ್ತದೆ. ಎಣ್ಣೆ ಕಮಟಾಗಿದೆಯಾ ಎಂದು ನಾಲಿಗೆಯೇ ನೋಡಬೇಕು. ಒಂಬತ್ತಕ್ಕೆ ಅಂಕ. ಆರಕ್ಕಿಂತ ಕೆಳಗಿಳಿದರೆ ಆ ಬ್ಯಾಚು ಕಾರ್ಖಾನೆಯ ಗೇಟು ದಾಟುವ ಹಾಗಿಲ್ಲ.

ಮೂವರಲ್ಲಿ ಹಿರಿಯಳು ನಮ್ಮ ನಾಯಕಿ. ಇಪ್ಪತ್ತೆರಡು ವರ್ಷದ ಸರ್ವೀಸು. ಕಾರ್ಖಾನೆಗೆಲ್ಲ ಅವಳು ‘ನಾಲಿಗೆಯಮ್ಮ’. ಉಳಿದಿಬ್ಬರು ಗಡ್ಡದವನು ಮತ್ತು ಕನ್ನಡಕದವಳು.

ಎರಡು ವರ್ಷದ ಹಿಂದೆ ನಾಲಿಗೆಯಮ್ಮನಿಗೆ ಜ್ವರ ಬಂತು. ಹೋಗುವಾಗ ಅದು ಅವಳ ವಾಸನೆ, ರುಚಿ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಎಲ್ಲ ಬ್ಯಾಚಿಗೂ ಏಳು ಅಂಕ. ಐದು ಕೊಟ್ಟರೆ ಯಾಕೆ ಎನ್ನುತ್ತಾರೆ, ಒಂಬತ್ತು ಕೊಟ್ಟರೂ ಯಾಕೆ ಎನ್ನುತ್ತಾರೆ, ಏಳನ್ನು ಮಾತ್ರ ಯಾರೂ ಕ್ಯಾರೇ ಅನ್ನುವುದಿಲ್ಲ. ಗಡ್ಡದವನು ಪ್ರತಿ ಸಲವೂ ಅವಳ ಹಾಳೆಯ ಮೇಲೆ ಕಣ್ಣು ಹಾಯಿಸಿ ಆರೂವರೆ ಬರೆದ. ಕನ್ನಡಕದವಳು ಏಳೂವರೆ. ಇಬ್ಬರೂ ಚಮಚವನ್ನು ಮುಟ್ಟಿದ್ದು ತೊಳೆಯಲಿಕ್ಕಷ್ಟೆ. ಸರಾಸರಿ ಏಳು. ವರ್ಷದ ಕೊನೆಗೆ ಮ್ಯಾನೇಜರು ಸಭೆ ಕರೆದು, ‘ನಮ್ಮ ಗುಣಮಟ್ಟ ನೋಡಿ, ಒಂದು ಚೂರಾದ್ರೂ ಅಲ್ಲಾಡಿದ್ಯಾ?’ ಎಂದು ಅವಳಿಗೆ ಹೊಳೆಯುವ ಚಮಚವೊಂದನ್ನು ಬಹುಮಾನ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

೪

(ಇಲ್ಲಿ ಕಥೆ ಮುಂದುವರಿಯಬೇಕಿತ್ತು. ನಾನು ಎಡವಟ್ಟು ಮಾಡಿಕೊಂಡೆ.)

ಹೊಸ ಲೇಬಲ್ಲುಗಳ ಫೈಲಿನೊಳಗೆ ಮೇಲಿನ ಮೂರು ಭಾಗಗಳ ಹಾಳೆಗಳೂ ಸೇರಿ ಕಾರ್ಖಾನೆಗೆ ಹೋಗಿಬಿಟ್ಟವು. ಲೇಬಲ್ಲು ಮ್ಯಾನೇಜರ ಮೇಜಿಗೆ ಹೋಗುವ ಮೊದಲು ರುಚಿ ಕೋಣೆಗೆ ಹೋಗುತ್ತದೆ. ‘ಅಮ್ಮನ ಕೈರುಚಿ’ಗೆ ಸಾಕ್ಷಿ ಸಹಿ ಬೇಕಲ್ಲ. ಇವತ್ತು ಮಧ್ಯಾಹ್ನ ಎರಡಕ್ಕೆ ಫೋನು ಬಂತು.

‘ಎಲ್ಲಿದ್ದೀಯೋ?’

‘ಮನೇಲಿ, ಅಕ್ಕ.’

‘ಹೊರಟು ಬಾ. ಚಪ್ಪಲಿ ಹುಡುಕ್ತಾ ಕೂರಬೇಡ.’

ಹೌದು ಮಾರಾಯರೇ, ನಾಲಿಗೆಯಮ್ಮ ನನ್ನ ಸ್ವಂತ ಅಕ್ಕ. ಕಾಲ್ಪನಿಕ ಪಾತ್ರ ಎಂದು ನಿಮ್ಮ ಮುಂದೆ ದಾಟಿಸಿಬಿಡೋಣ ಎಂದುಕೊಂಡಿದ್ದೆ. ಅವಳು ನನಗೂ ಏನೂ ಹೇಳಿರಲಿಲ್ಲ. ಹೋದ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಳು. ನಾನು ಸೂಪಿಗೆ ಉಪ್ಪು ಹಾಕಿ, ಮರೆತು, ಇನ್ನೊಮ್ಮೆ ಹಾಕಿದ್ದೆ. ನನ್ನ ಹೆಂಡತಿ ಒಂದೇ ಚಮಚಕ್ಕೆ ನಲ್ಲಿಯತ್ತ ಓಡಿದಳು. ಅಕ್ಕ ಬಟ್ಟಲು ಖಾಲಿ ಮಾಡಿ, ‘ಚೆನ್ನಾಗಿದೆ ಕಣೋ, ಇನ್ನೊಂಚೂರು ಹಾಕು’ ಎಂದಳು. ಚಿಕ್ಕಂದಿನಲ್ಲಿ ಹಾಲು ಒಡೆಯುವ ಹಿಂದಿನ ದಿನವೇ ಮೂಸಿ ಹೇಳುತ್ತಿದ್ದವಳು! ಜ್ವರ, ಏಳು ಅಂಕ, ಬಹುಮಾನದ ಚಮಚ ಎಲ್ಲ ನನಗೆ ಗೊತ್ತಿದ್ದದ್ದೇ. ಅವನ್ನು ಒಟ್ಟಿಗೆ ತಂದದ್ದು ಆ ಉಪ್ಪು. ನಾನು ಬಾಯಿ ಮುಚ್ಚಿಕೊಂಡು ಬಡಿಸಿದೆ. ಅವಳಿಗೆ ಏನಾಗಿದೆ ಎಂದು ಕೇಳಬೇಕಿತ್ತು. ಅವಳು ಹೋದ ಮೇಲೆ ಕೂತು ಕಥೆ ಬರೆದೆ. (ನಾಚಿಕೆ ಆಗಬೇಕು ನನಗೆ. ಆಯಿತು. ಆದರೂ ಬರೆದೆ.)

೫

ರುಚಿ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಗಡ್ಡದವನೂ ಕನ್ನಡಕದವಳೂ ಟೀಗೆ ಹೋಗಿದ್ದರು. ಅವಳು ಬರೆಯುವ ತನಕ ಅವರಿಗೇನು ಕೆಲಸ? ಮೇಜಿನ ಮೇಲೆ ಬ್ಯಾಚ್ ನಲವತ್ತೊಂದರ ಕಿತ್ತಳೆ ಪ್ಯಾಕೆಟ್ಟು, ಮೂರು ಖಾಲಿ ಅಂಕಪಟ್ಟಿ, ನನ್ನ ಕಥೆ. ಕಿಟಕಿಯಾಚೆ ಮೂರು ಲಾರಿಗಳಿಗೆ ಪೆಟ್ಟಿಗೆ ಏರುತ್ತಿದ್ದವು. ನದಿ ಉಕ್ಕಿ ಮನೆ ಕಳೆದುಕೊಂಡವರ ಶಿಬಿರಕ್ಕೆ ಒಂಬತ್ತು ಸಾವಿರ ಪ್ಯಾಕೆಟ್ಟು, ನಾಲ್ಕು ಗಂಟೆಗೆ ಹೊರಡಬೇಕು.

‘ಒಂದು ಮಾತು ಕೇಳದೆ ನನ್ನ ನಾಲಿಗೆನ ಬಜಾರಿಗಿಟ್ಯಲ್ಲೋ’ ಎಂದಳು.

‘ಹೆಸರು ಹಾಕಿಲ್ಲ ಅಕ್ಕ.’

‘ಈ ಕಾರ್ಖಾನೇಲಿ ಎಷ್ಟು ಜನ ನಾಲಿಗೆಯಮ್ಮಂದಿರಿದ್ದಾರೆ? ಓದ್ತಾ ಓದ್ತಾ ನಾನೂ ನಕ್ಕೆ ಕಣೋ. ಆಮೇಲೆ ಗೊತ್ತಾಯ್ತು, ನಗ್ತಿರೋದು ನನ್ನ ಮೇಲೇನೇ ಅಂತ.’ ಹಾಳೆಗಳನ್ನು ನನ್ನ ಕಡೆ ತಳ್ಳಿದಳು. ‘ಸರಿ, ಹೇಗೆ ಮುಗಿಸ್ತೀಯ ಇದನ್ನ?’

೬

‘ಒಂದು. ನೀನು ಒಂದು ತುತ್ತು ಬಾಯಿಗಿಡ್ತೀಯ. ಥಟ್ಟಂತ ರುಚಿ ವಾಪಸ್ ಬರುತ್ತೆ. ಕಣ್ಣೀರು.’

‘ಥೂ. ಬಾರಿಸಿಬಿಡ್ತೀನಿ.’

‘ಎರಡು. ಎಲ್ಲಾ ಒಪ್ಕೋತೀಯ. ಮ್ಯಾನೇಜರು ಖುಷಿಯಾಗಿ, ರುಚಿ ಗೊತ್ತಾಗದವರೇ ನಿಜವಾದ ನಿಷ್ಪಕ್ಷಪಾತಿಗಳು ಅಂತ ನಿನಗೆ ಪ್ರಮೋಷನ್ ಕೊಡ್ತಾರೆ.’

‘ಇದು ಆದ್ರೂ ಆಗಬಹುದು’ ಎಂದಳು, ನಗದೆ.

‘ಮೂರು. ಏಳು ಅಂತ ಬರೀತೀಯ. ಲಾರಿ ಹೋಗುತ್ತೆ. ಅನ್ನ ಚೆನ್ನಾಗೇ ಇರುತ್ತೆ. ಯಾರಿಗೂ ಏನೂ ಆಗಲ್ಲ.’

‘ಚೆನ್ನಾಗಿರುತ್ತೆ ಅಂತ ನಿನಗೆ ಹೇಗೆ ಗೊತ್ತು?’

‘ಬರೆಯೋನು ನಾನಲ್ವಾ?’

‘ತಿಂದಿದ್ದೀಯಾ?’

ನಾನು ಪ್ಯಾಕೆಟ್ಟಿನ ಮೇಲಿನ ನನ್ನದೇ ಸಾಲನ್ನು ಓದತೊಡಗಿದೆ.

‘ಮನೆ ಹೋಗಿರುತ್ತೆ, ಹಾಸಿಗೆ ಹೋಗಿರುತ್ತೆ. ಎರಡು ದಿನ ಆದ್ಮೇಲೆ ಸಿಗೋ ಮೊದಲನೇ ಬಿಸಿ ಊಟ ಇದು. ಅದೂ ಕಮಟು ಹೊಡೆದ್ರೆ ಮಗು ಉಗಿಯುತ್ತೆ. ಇದು ಬೇಡ, ಬೇರೆ ತಿನ್ನು ಅನ್ನೋಕೆ ಆ ತಾಯಿ ಹತ್ರ ಬೇರೆ ಏನಿರುತ್ತೆ? ಇಪ್ಪತ್ತು ವರ್ಷ ಆ ಮಗೂನ ನೆನೆಸ್ಕೊಂಡೇ ಅಂಕ ಹಾಕಿದ್ದು ನಾನು. ಈ ಎರಡು ವರ್ಷದಿಂದ ಮನೆಗೆ ಹೋದ್ರೆ ಊಟ ಸೇರಲ್ಲ. ಸೇರಿದ್ರೂ ಗೊತ್ತಾಗಲ್ಲ, ಆ ಮಾತು ಬೇರೆ.’

‘ಮತ್ತೆ ಯಾಕೆ ಅಕ್ಕ ಹೇಳಲಿಲ್ಲ?’

‘ಹೇಳಿದ್ರೆ ಆಮೇಲೆ ನಾನು ಇಲ್ಲಿ ಯಾರು?’ ನನ್ನ ಹಾಳೆಗಳನ್ನು ಬೆರಳಿನಿಂದ ತಟ್ಟಿದಳು. ‘ಬರೆಯೋನು ನೀನೇ ತಾನೆ? ನನ್ನ ರುಚಿ ನನಗೆ ಕೊಟ್ಬಿಡು. ಒಂದೇ ಒಂದು ಸಾಲು. ನಿನ್ನ ಗಂಟೇನು ಹೋಗುತ್ತೆ?’

(ಓದುಗರೇ, ಅಲ್ಲೇ ಹಾಳೆಯ ಹಿಂಬದಿ ಬರೆದೂ ನೋಡಿದೆ: ‘ಅಕ್ಕನಿಗೆ ರುಚಿ ಮರಳಿತು.’ ಹಾಳೆಯಲ್ಲಿ ಮರಳಿತು. ಅಕ್ಕನಿಗೆ ಮರಳಲಿಲ್ಲ.)

೭

ಪ್ಯಾಕೆಟ್ಟಿನ ಕೆಳಗೆ, ನೀರು ಬಿದ್ದರೆ ಬೆಂಕಿಯಿಲ್ಲದೆ ತಾನೇ ಕಾಯುವ ಬಿಸಿಚೀಲವಿದೆ; ಅವಳು ಅದಕ್ಕೆ ನೀರು ಹಾಕಿದಳು. ಅದು ಬುಸುಗುಟ್ಟತೊಡಗಿತು. ನಾನೇ ಬರೆದ ಸೂಚನೆಯಂತೆ ಇಬ್ಬರೂ ಹತ್ತು ನಿಮಿಷ ಕಾದೆವು. ಧೈರ್ಯಗೆಡಬಾರದು ಎಂಬ ಭಾಗವನ್ನು ಪಾಲಿಸಲಾಗಲಿಲ್ಲ. ಆಮೇಲೆ ಬಹುಮಾನದ ಚಮಚವನ್ನು ನನ್ನ ಕೈಗಿಟ್ಟು, ‘ತಿನ್ನು’ ಎಂದಳು.

ತಿಂದೆ.

‘ಹೇಗಿದೆ?’

‘ಸಂಕಷ್ಟದಲ್ಲೂ ಸವಿಯಾದ...’

‘ಲೇಬಲ್ ಓದಬೇಡ. ಹೇಗಿದೆ ಹೇಳು.’

‘ಉಪ್ಪು ಸರಿ ಇದೆ. ಅನ್ನ ಸ್ವಲ್ಪ ಮೆತ್ತಗೆ. ಬಟಾಣಿಗೆ ಬಟಾಣಿ ರುಚಿ ಇಲ್ಲ, ಬಣ್ಣ ಮಾತ್ರ ಇದೆ.’

‘ನುಂಗಿದ್ಮೇಲೆ? ಗಂಟಲ ಹತ್ರ ಏನಾದ್ರೂ ನಿಲ್ಲುತ್ತಾ?’

ಇನ್ನೊಂದು ಚಮಚ ತಿಂದೆ. ‘ಏನೋ ಇದೆ ಅಕ್ಕ. ಬಾಗಿಲ ಕೀಲಿಗೆ ಬಿಡ್ತೀವಲ್ಲ, ಹಳೇ ಎಣ್ಣೆ, ಆ ಥರ. ತುಂಬಾ ಸಣ್ಣಗೆ. ಇಲ್ಲಾ, ನೀನು ಕೇಳಿದ್ದಕ್ಕೇ ಹಾಗನ್ನಿಸ್ತೋ ಏನೋ. ನನಗೆ ಅಭ್ಯಾಸ ಇಲ್ಲ.’

ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ ಬಾಯೊಳಗೆ ಅವಳ ನಾಲಿಗೆ ಮೆಲ್ಲಗೆ ಆಡುತ್ತಿರುವುದು ಕೆನ್ನೆಯಲ್ಲಿ ಕಾಣುತ್ತಿತ್ತು.

‘ಇನ್ನೊಂದು ಸಲ ಹೇಳು’ ಎಂದಳು. ‘ನಿಧಾನಕ್ಕೆ.’

ಇನ್ನೊಂದು ಸಲ ಹೇಳಿದೆ. ಒಂದು ಪದವನ್ನೂ ಸಿಂಗರಿಸಲಿಲ್ಲ.

೮

ನಾಲ್ಕಕ್ಕೆ ಹತ್ತು ನಿಮಿಷ. ಗಡ್ಡದವನೂ ಕನ್ನಡಕದವಳೂ ಬಂದು ಕುರ್ಚಿ ಎಳೆದು ಕೂತರು, ಪೆನ್ನಿನ ಮುಚ್ಚಳ ತೆಗೆದರು, ಪದ್ಧತಿಯಂತೆ ಅಕ್ಕನ ಹಾಳೆಯ ಕಡೆ ಕತ್ತು ಹೊರಳಿಸಿದರು. ಹೊರಗೆ ಲಾರಿಯವನು ಹಾರ್ನ್ ಒತ್ತಿದ. ಮ್ಯಾನೇಜರು ಬಾಗಿಲಲ್ಲಿ ಇಣುಕಿ, ‘ಏಳು ತಾನೆ? ಕಳಿಸಿಬಿಡ್ಲಾ?’ ಎಂದರು.

ನಾನು ನನ್ನ ಪೆನ್ನು ತೆಗೆದೆ. (ಅಂತ್ಯ ಹತ್ತಿರವಾದಾಗ ಕೈ ತಾನಾಗಿ ಹೋಗುತ್ತದೆ.)

‘ನೀನು ಬರೀಬೇಡ’ ಎಂದಳು ಅಕ್ಕ. ‘ಇದು ನಾನು ಬರೀತೀನಿ.’

ಬರೆದಳು. ಬರೆಯುವಾಗ ಪರೀಕ್ಷೆಯ ಹುಡುಗಿಯಂತೆ ಎಡಗೈಯನ್ನು ಹಾಳೆಗೆ ಅಡ್ಡ ಹಿಡಿದಳು. ಎರಡು ವರ್ಷದಲ್ಲಿ ಇದೇ ಮೊದಲು. ಗಡ್ಡದವನು ಅತ್ತಿಂದ ಬಗ್ಗಿದ, ಕಾಣಲಿಲ್ಲ. ಕನ್ನಡಕದವಳು ಇತ್ತಿಂದ ಬಗ್ಗಿದಳು, ಕಾಣಲಿಲ್ಲ. ಏಳಾ? ಸೊನ್ನೆಯಾ? ಅಂಕವೇ ಅಲ್ಲದೆ ಒಂದು ವಾಕ್ಯವಾ? ನನ್ನನ್ನು ಕೇಳಬೇಡಿ, ನನಗೂ ಆ ಕೈಯ ಹಿಂಬದಿಯಷ್ಟೇ ಕಂಡಿದ್ದು. ಅದು ನಡುಗುತ್ತಿರಲಿಲ್ಲ.

ಹಾರ್ನ್ ಮತ್ತೊಮ್ಮೆ ಕೇಳಿತು. ಗಡ್ಡದವನು ಕನ್ನಡಕದವಳ ಮುಖ ನೋಡಿದ, ಕನ್ನಡಕದವಳು ಗಡ್ಡದವನ ಮುಖ ನೋಡಿದಳು. ಆಮೇಲೆ ಇಬ್ಬರೂ ಚಮಚ ಎತ್ತಿಕೊಂಡರು.