ಹನ್ನೊಂದು ಕೊಂಡಿಗಳು

ಕಾಗದ ಹಾರದಿರಲಿ ಎಂದು ವಕೀಲರು ಅವನು ತಂದಿದ್ದ ಕೊಂಡಿಯನ್ನೇ ಅದರ ಮೇಲಿಟ್ಟರು, ಫ್ಯಾನಿನ ಗಾಳಿಗೆ ಕಾಗದ ಕೊಂಡಿಯ ಸಮೇತ ಜಾರಿತು, ಉಗುರಿನಷ್ಟು ಉಕ್ಕು, ಅದೆಲ್ಲಿ ತಡೆದೀತು, ಆದರೆ ಬಂದೂಕು ಕೆಳಗೆ ಬಿದ್ದಾಗ ಗುಂಡು ಹಾರದಂತೆ ತಡೆಯುವುದು ಇದೇ — ಇಷ್ಟನ್ನು ತಿಳಿಸಿ ಹೇಳಲು ಅವನಿಗೆ ಅರ್ಧ ಗಂಟೆ ಹಿಡಿದಿತ್ತು, ಬಂದೂಕು ರಿಪೇರಿಯವನಿಗೆ ಕೈ ಓಡುತ್ತದೆ, ನಾಲಿಗೆ ಓಡುವುದಿಲ್ಲ, ಎಂಟು ವರ್ಷ ಅರ ಹಿಡಿದು ಉಜ್ಜಿದ್ದು ಈಗ ಪೇಟೆಂಟ್ ಅರ್ಜಿಯಲ್ಲಿ ಏನಾಗಿ ಕೂತಿದೆ ನೋಡು, ಆಘಾತನಿರೋಧಕ ಸಾಧನ, ಯಾರಪ್ಪ ಇದು, ತನ್ನ ಮಗುವಿಗೆ ದಾರಿಹೋಕರು ಹೆಸರಿಟ್ಟ ಹಾಗಿದೆ. ಮೊದಲು ಅರ್ಜಿ ಹಾಕ್ರೀ ಎಂದು ಬೆನ್ನು ಹತ್ತಿದವಳು ಹೆಂಡತಿ, ದೊಡ್ಡ ಕಾರ್ಖಾನೆಯವನೊಬ್ಬ ಅಂಗಡಿಗೆ ಬಂದು ನಕ್ಷೆಯ ಕಡೆ ಕಣ್ಣು ಹಾಯಿಸಿದ್ದೇ ಸಾಕಾಯಿತು, ನೀವು ಬಾಯಿ ಬಿಡೋ ಹೊತ್ತಿಗೆ ಅವನು ತನ್ನ ಹೆಸರಲ್ಲಿ ಮಾಡ್ಕೊಂಡಿರ್ತಾನೆ, ನಿಜ, ಅವಳು ಹೇಳುವುದೆಲ್ಲ ನಿಜವೇ ಆಗಿರುತ್ತದೆ, ಅದೇ ತೊಂದರೆ.

ಇದನ್ನ ಈವರೆಗೆ ಯಾರಿಗಾದ್ರೂ ಕೊಟ್ಟಿದೀರಾ, ವಕೀಲರು ಸುಮ್ಮನೆ ಕೇಳಿದ್ದರು, ವಯಸ್ಸು ವಿಳಾಸ ಕೇಳಿದ ಹಾಗೆ. ಕೊಡುವುದು ಎಂದರೇನು? ರಿಪೇರಿಗೆ ಬಂದ ಹನ್ನೊಂದು ಬಂದೂಕಿಗೆ ಕೂರಿಸಿ ಕಳಿಸಿದ್ದ, ಒಬ್ಬರಿಗೂ ಹೇಳಿರಲಿಲ್ಲ, ಕೈಯಲ್ಲಿ ಇಂಥದ್ದು ಇಟ್ಟುಕೊಂಡು ಹಾಗೇ ಕಳಿಸಲು ಮನಸ್ಸು ಬಂದಿರಲಿಲ್ಲ ಅಷ್ಟೆ, ಹೇಳದೆ ಕೊಟ್ಟದ್ದು ಕೊಟ್ಟ ಹಾಗೋ ಅಲ್ಲವೋ, ಹೋದ ತಿಂಗಳು, ಆ ಹನ್ನೊಂದರಲ್ಲೊಂದನ್ನು ಒಯ್ದಿದ್ದ ಗೋದಾಮಿನ ಕಾವಲುಗಾರ ಬಂದು ನಿಂತಿದ್ದಾನೆ, ಗೋಡೆಗೆ ಒರಗಿಸಿದ್ದೆ ಕಣಣ್ಣ, ದಡಾರಂತ ಬಿತ್ತು, ಗುಂಡು ಬೇರೆ ತುಂಬಿತ್ತು, ಎದುರಿಗೇ ಮಗು ಮಲಗಿತ್ತು, ಹಾರಲೇ ಇಲ್ಲ, ನನ್ನ ಅದೃಷ್ಟ ನೋಡು! ಅದೃಷ್ಟವಂತೆ. ಅವನಿಗೆ ನಗು ಬಂತು, ಆ ಮಗುವನ್ನು ಅವನು ಕಂಡೇ ಇಲ್ಲ, ಆದರೂ ಅಂದಿನಿಂದ ಕಾಣುತ್ತದೆ, ಹೊದಿಕೆಯ ಹೊರಗೆ ಎರಡು ಅಂಗಾಲು, ಒಂದಕ್ಕೆ ಮಾತ್ರ ಕಾಲುಚೀಲ.

ಹನ್ನೊಂದು ಎಂದ. ವಕೀಲರ ಪೆನ್ನು ನಿಂತಿತು. ಬಳಕೆಗೆ ಬಂದ್ಮೇಲೆ ಹೊಸದು ಅಂತ ಹೇಗ್ರೀ ಬರೆಯೋದು, ಅರ್ಜಿ ನಿಲ್ಲೋದಿಲ್ಲ, ಆಮೇಲೆ ದನಿ ತಗ್ಗಿಸಿ, ಯಾರಿಗೂ ಗೊತ್ತಿಲ್ಲ ತಾನೇ, ತಪಾಸಣೆ ಅಂತ ಎಲ್ಲಾನೂ ತರಿಸಿ ಬಿಚ್ಚಿಬಿಡಿ, ಯಾರು ಕೇಳ್ತಾರೆ. ಸುಲಭ, ಒಂದೇ ತಿರುಪು. ಅರ್ಜಿ ಪಾಸಾದರೆ ಸಾವಿರಾರು ಬಂದೂಕಿಗೆ ಕೊಂಡಿ ಬರುತ್ತದೆ, ಆಮೇಲೆ ಈ ಹನ್ನೊಂದಕ್ಕೂ ಮತ್ತೆ ಹಾಕಬಹುದು, ಎಷ್ಟು ದಿನ ಆಗುತ್ತೆ ಸಾರ್, ಮೂರು ವರ್ಷ, ನಾಲ್ಕೂ ಆಗಬಹುದು, ಸಾವಿರ ದೊಡ್ಡದೋ ಹನ್ನೊಂದು ದೊಡ್ಡದೋ, ಲೆಕ್ಕ ಮಾಡಿದರೆ ಸಾವಿರ, ಲೆಕ್ಕ ಸರಿಯಿದೆ, ಹಾಗಾದರೆ ಮತ್ತೆ ಮತ್ತೆ ಏಕೆ ಎಣಿಸುತ್ತಿದ್ದಾನೆ, ಅರ್ಜಿ ಬಿಟ್ಟರೆ ಕೆಟ್ಟಿರಿ ಎನ್ನುತ್ತಾಳೆ ಹೆಂಡತಿ, ಬಿಚ್ಚಿದೆ ಎಂದರೆ ಏನನ್ನುತ್ತಾಳೋ, ಕೇಳಲು ಭಯ, ಕಾವಲುಗಾರನನ್ನು ಕರೆದರೆ ಕೂಡಲೇ ಬರುತ್ತಾನೆ, ಸಂಶಯವೇ ಪಡದ ಪ್ರಾಣಿ, ಚೆನ್ನಾಗಿ ನೋಡಣ್ಣ ಎಂದು ಎರಡೂ ಕೈಯಲ್ಲಿ ಬಂದೂಕು ನೀಡುತ್ತಾನೆ, ಇವನು ತಿರುಪುಳಿ ಇಡುತ್ತಾನೆ, ಎಡಕ್ಕೆ ಅರ್ಧ ಸುತ್ತು, ಕೊಂಡಿ ಸಡಿಲವಾಗುತ್ತದೆ, ಇನ್ನರ್ಧ ಸುತ್ತು — ಯಾರಿಗೂ ಕೊಟ್ಟಿಲ್ಲ ಅಂತ ಸಹಿ ಇಲ್ಲಿ ಹಾಕ್ರೀ, ವಕೀಲರ ಬೆರಳು ಖಾಲಿ ಜಾಗದ ಮೇಲೆ ಬಡಿಯುತ್ತಿದೆ, ಇಲ್ಲಿ, ಇಲ್ಲಿ — ಅಲ್ಲಿ ಖಾಲಿ ಜಾಗವಿಲ್ಲ, ಎರಡು ಅಂಗಾಲು, ಒಂದು ಬರಿಗಾಲು.