ಮಡಿವಾಳ ಹಕ್ಕಿಗೆ ಒಂದು ತಿಂಗಳು

ಶ್ರೀಕಂಠ ಕೂತಲ್ಲಿ ಕೂರುವ ಜೀವವೇ ಅಲ್ಲ. ತುಮಕೂರು ಕಡೆಯವನು, ಬ್ಯಾಂಕಿನ ಆಫೀಸರು, ಹದಿಮೂರು ವರ್ಷಗಳಲ್ಲಿ ಐದು ಊರು ಕಂಡವನು. ಯಾವ ಊರಿಗೆ ಹೋದರೂ ಬಂದ ದಿನದಿಂದಲೇ ಅವನ ಒಂದು ಕಾಲು ಹೊಸ್ತಿಲಾಚೆ. ವರ್ಗವಾದಾಗ ಬೇಕಾಗುತ್ತದೆಂದು ಸಾಮಾನು ತುಂಬುವ ಏಳು ಮರದ ಪೆಟ್ಟಿಗೆಗಳನ್ನು ಮೂಲೆಯಲ್ಲಿ ಜೋಡಿಸಿಟ್ಟುಕೊಂಡಿದ್ದ. ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಹಾಗಿರುವಾಗ ಎಂಬತ್ತೆಂಟನೇ ಇಸವಿಯ ಜನವರಿಯಲ್ಲಿ ಹೆಂಡತಿ ಸುಲೋಚನಾ ಅದರಲ್ಲೊಂದನ್ನು ಒಡೆದೇಬಿಟ್ಟಳು. ಹಕ್ಕಿಗೆ ಮನೆ ಮಾಡಬೇಕಂತೆ!

ಅವರು ಬಾಡಿಗೆಗಿದ್ದದ್ದು ಭೀಮುನಿಪಟ್ಟಣದಲ್ಲಿ. ಅವನು ದಿನಾ ಬಸ್ಸಿನಲ್ಲಿ ವಿಶಾಖಪಟ್ಟಣದ ಶಾಖೆಗೆ ಹೋಗಿಬರುತ್ತಿದ್ದ. ಹಿತ್ತಲಲ್ಲಿ ಒಂದು ಬಾದಾಮಿ ಮರ. ಬೆಳಗಾದರೆ ಅದರ ತುದಿಯಲ್ಲಿ ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯೊಂದು ಕೂತು ಹಾಡುತ್ತಿತ್ತು. ಅದು ಪೊಟರೆಯಲ್ಲಿ ಗೂಡು ಕಟ್ಟುವ ಜಾತಿ, ಪೊಟರೆ ಸಿಗದಿದ್ದರೆ ಮರದ ಪೆಟ್ಟಿಗೆಯಾದರೂ ಆದೀತು ಎಂದು ಮನೆಯೊಡತಿ ಸೂರ್ಯಕಾಂತಮ್ಮ ಹೇಳಿದ್ದರು. ಬಡಗಿಯಿಂದ ಅದರ ಹಲಗೆಯಲ್ಲೇ ಸಣ್ಣ ಪೆಟ್ಟಿಗೆ ಮಾಡಿಸಿ ಮೂರು ಬೆರಳಗಲದ ತೂತು ಕೊರೆಸಿದ್ದಾಯಿತು, ಮಳೆ ನೀರು ನಿಲ್ಲದಂತೆ ಮುಚ್ಚಳಕ್ಕೆ ಇಳಿಜಾರು ಕೊಡಿಸಿದ್ದಾಯಿತು. ಮುಂದಿನ ವರ್ಗಕ್ಕೆ ಪಾತ್ರೆಗಳನ್ನು ಯಾವುದರಲ್ಲಿ ತುಂಬುವುದು ಎಂದು ಗೊಣಗಿದ ಶ್ರೀಕಂಠನೇ ಏಣಿ ಹತ್ತಿ ಕಟ್ಟಿದ.

ಕಟ್ಟಿದ ಮೇಲೆ ಸುಮ್ಮನಿರಬೇಕೋ ಬೇಡವೋ? ನಾಲ್ಕು ದಿನ ಹಕ್ಕಿ ಬರಲಿಲ್ಲವೆಂದು ಪೆಟ್ಟಿಗೆಯನ್ನು ಗೋಡೆಗೆ ಬದಲಾಯಿಸಿದ. ವಾರ ಕಳೆದು ಬಾವಿ ಪಕ್ಕದ ಕಂಬಕ್ಕೆ. ಆಮೇಲೆ ಮತ್ತೆ ಮರಕ್ಕೆ, ಈ ಸಲ ತಗ್ಗಿನ ಬೇರೆ ಕೊಂಬೆಗೆ. ಬ್ಯಾಂಕಿನವರು ಹಕ್ಕಿಮನೆಗೂ ವರ್ಗ ಕೊಡುತ್ತೀರಲ್ಲ, ಒಂದು ಕಡೆ ಇರಲು ಬಿಡಿ ಎಂದು ಸೂರ್ಯಕಾಂತಮ್ಮ ಗದರಿದರು. ಸುಲೋಚನಾ ಏಣಿಯನ್ನೇ ಒಯ್ದು ಅವರ ಮನೆಯೊಳಗೆ ಇರಿಸಿಬಂದಳು. ಆಗ ಬಂತು ನೋಡಿ ಹಕ್ಕಿ. ಮಾರ್ಚ್ ಕೊನೆಗೆ ಹೆಣ್ಣು ಹುಲ್ಲು, ನಾರು ಕಚ್ಚಿ ತಂದಿತು. ಏಪ್ರಿಲ್ ಮೊದಲ ವಾರ, ಅದು ಹೊರಗೆ ಹೋದ ಸಮಯ ನೋಡಿ, ಸುಲೋಚನಾ ಸ್ಟೂಲು ಹತ್ತಿ ಇಣುಕಿ ನಾಲ್ಕು ಮೊಟ್ಟೆ ಎಣಿಸಿದಳು.

ಅದೇ ವಾರ ಶ್ರೀಕಂಠನಿಗೆ ವಿಜಯವಾಡಕ್ಕೆ ವರ್ಗದ ಆರ್ಡರು ಬಂತು. ಹತ್ತು ದಿನದೊಳಗೆ ಹೋಗಿ ಸೇರಿಕೊಳ್ಳಬೇಕು.

ಸುಲೋಚನಾ ಅಳಲಿಲ್ಲ, ಕೂಗಾಡಲಿಲ್ಲ. ಮರಿ ಹಾರುವ ತನಕ ತಾನು ಇಲ್ಲಿಂದ ಕದಲುವುದಿಲ್ಲ ಎಂದಳು, ಅಷ್ಟೇ. ಅದಕ್ಕೆ ಒಂದು ತಿಂಗಳು ಬೇಕು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಶ್ರೀಕಂಠನಿಗೆ ಹೊಸಪೇಟೆ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಅಲ್ಲಿ ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಹೋಗಿತ್ತು. ಅದರ ಮುಖ ನೋಡಲೂ ಧೈರ್ಯ ಸಾಲದೆ ಅವನು ಆಸ್ಪತ್ರೆಯ ಹೊರಗೇ ಅತ್ತಿಂದಿತ್ತ ನಡೆದಾಡಿದ್ದ. ಮುಂದಿನದನ್ನೆಲ್ಲ ಸುಲೋಚನಾಳ ಅಣ್ಣ ಮುಗಿಸಿದ್ದ. ವರ್ಗ ಬಂತೆಂದು ಎಂಟನೇ ದಿನ ಶ್ರೀಕಂಠ ಅವಳನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊಸ ಊರಿಗೆ ಹೊರಟಿದ್ದ. ಇನ್ನೊಂದು ದಿನ ಕೊಡಿ ಎಂದು ಬ್ಯಾಂಕನ್ನು ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಆ ಮಗುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ಸಲವಾದರೂ ಕೇಳಲೇಬೇಕೆಂದು ವಿಜಯವಾಡದ ರೈಲು ಹತ್ತಿದ. ಗವರ್ನರ್‌ಪೇಟೆಯ ಆಫೀಸಿನಲ್ಲಿ ಹೊಸ ಮೇಲಧಿಕಾರಿ ಕಾಮೇಶ್ವರ ರಾಯರು ಒಂದು ತಿಂಗಳು ಯಾಕೆ ಎಂದು ಕೇಳಿದರು. ಹಿತ್ತಲಲ್ಲಿ ಹಕ್ಕಿ ಮೊಟ್ಟೆಯಿಟ್ಟಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಹೆಂಡತಿಗೆ ಹೆರಿಗೆ ಹತ್ತಿರವಾಗಿದೆ ಎಂದುಬಿಟ್ಟ. ರಾಯರು ಎದ್ದು ಕೈ ಕುಲುಕಿದರು. ತಮ್ಮ ಹೆಂಡತಿ ರಾಜ್ಯಲಕ್ಷ್ಮಿ ಬಳ್ಳಾರಿಯವಳು, ಕನ್ನಡದ ಹೆಣ್ಣುಮಗಳೆಂದರೆ ಅವಳಿಗೆ ಪ್ರಾಣ, ಇವತ್ತೇ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಗುಡಿಯ ಅಮ್ಮನವರಿಗೆ ಹರಕೆ ಹೊರುತ್ತಾಳೆ ಎಂದು ನಕ್ಕರು. ತಿಂಗಳು ಮಂಜೂರಾಯಿತು.

ಸುದ್ದಿ ಕೇಳಿದ ಸುಲೋಚನಾ ಅವನ ಮುಂದೆ ಕಾಫಿ ಇಟ್ಟಳು.

"ಏನಂತ ಹೇಳಿದ್ರಿ ಅವರಿಗೆ?"

"ಏನೋ ಒಂದು ಹೇಳ್ದೆ."

"ಹೊಸಪೇಟೇಲೂ ಏನೋ ಒಂದು ಹೇಳಬಹುದಿತ್ತು."

ಶ್ರೀಕಂಠ ಎದ್ದು ಹೋಗಿ, ಆಗಲೇ ತೊಳೆದ ಕಾಲನ್ನು ಮತ್ತೆ ತೊಳೆದುಕೊಂಡ.

ಒಂದು ಮೊಟ್ಟೆ ಒಡೆಯಲಿಲ್ಲ. ಉಳಿದ ಮೂರರ ಮರಿಗಳು ಮೇ ತಿಂಗಳ ಒಂದು ಬೆಳಿಗ್ಗೆ ಒಂದರ ಹಿಂದೊಂದು ಹಾರಿ ಬೇಲಿಯಲ್ಲಿ ಕೂತವು. ಸುಲೋಚನಾ ಅಂದು ನಕ್ಕಂಥ ನಗುವನ್ನು ಶ್ರೀಕಂಠ ವರ್ಷಗಟ್ಟಲೆ ಕಂಡಿರಲಿಲ್ಲ. ಗೂಡಿನ ಪೆಟ್ಟಿಗೆಯನ್ನು ಮರದಲ್ಲೇ ಬಿಟ್ಟು, ಉಳಿದ ಆರರಲ್ಲಿ ಹೇಗೋ ಸಾಮಾನು ತುರುಕಿ ಲಾರಿಗೆ ಹಾಕಿಸಿ, ಅವರು ರೈಲು ಹತ್ತಿದರು.

ರಾಯರ ಮುಂದೆ ಆಡಿದ ಸುಳ್ಳನ್ನು ರೈಲಿನಲ್ಲಿ ಅವಳಿಗೆ ಹೇಳಿಬಿಡಬೇಕೆಂದುಕೊಂಡ. ತುನಿಯಲ್ಲಿ ಇಳಿದು ಚಹಾ ಕುಡಿದ. ರಾಜಮಂಡ್ರಿಯಲ್ಲಿ ಇಳಿದು ಬಾಳೆಹಣ್ಣು ತಂದ. ಏಲೂರಿನಲ್ಲಿ ಸುಮ್ಮನೆ ಇಳಿದು ಹತ್ತಿದ. ಯಾಕ್ರೀ ಹೀಗೆ ಒದ್ದಾಡ್ತೀರಿ ಎಂದು ಅವಳು ಕೇಳಿದಾಗ ಸೆಖೆ ಎಂದ. ಅಷ್ಟರಲ್ಲಿ ವಿಜಯವಾಡ ಬಂದೇಬಿಟ್ಟಿತು.

ಹೊಸ ಮನೆಯ ಬೀಗದ ಕೈ ರಾಯರ ಮನೆಯಲ್ಲಿತ್ತು. ಇಬ್ಬರೂ ಮೆಟ್ಟಿಲು ಹತ್ತುವಷ್ಟರಲ್ಲಿ ರಾಜ್ಯಲಕ್ಷ್ಮಿ ಅಮ್ಮನವರ ಕುಂಕುಮ ಹಿಡಿದು ಬಾಗಿಲಿಗೇ ಬಂದರು. ಅವರ ಹಿಂದೆ ನಡುಮನೆಯಲ್ಲಿ ಅಟ್ಟದಿಂದಿಳಿಸಿ ಎಣ್ಣೆ ಹಚ್ಚಿ ಒರೆಸಿದ ತೊಟ್ಟಿಲಿತ್ತು. ಒಳಗೆ ಹಳೆಯ ಮೆತ್ತನೆಯ ಸೀರೆ ಹಾಸಿತ್ತು. ಅವರು ಸುಲೋಚನಾಳ ಬರಿಗೈ ನೋಡಿದರು.

"ಕೂಸೆಲ್ಲಮ್ಮಾ?"

ಸುಲೋಚನಾ ತೊಟ್ಟಿಲು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತೆಂದು ಶ್ರೀಕಂಠನಿಗೆ ತಿಳಿಯಿತು. ಅವಳ ಒಂದು ಮಾತಿಗೆ ಅವನ ಮಾನ ಹೋಗುತ್ತಿತ್ತು. ಹೋಗಲಿ ಎನ್ನಿಸಿತು, ಅವಳ ಹಳೆಯ ಗಾಯವನ್ನು ಕೆದಕಿದವನು ತಾನೇ ಅಲ್ಲವೇ.

"ಉಳೀಲಿಲ್ಲಮ್ಮ," ಎಂದಳು ಸುಲೋಚನಾ. "ಹೆಣ್ಣು ಮಗು. ತಲೆ ತುಂಬ ಕೂದಲಿತ್ತು."

ರಾಜ್ಯಲಕ್ಷ್ಮಿ ಕುಂಕುಮ ಪಕ್ಕಕ್ಕಿಟ್ಟು ಅವಳನ್ನು ಎದೆಗೊತ್ತಿಕೊಂಡರು. ಸುಲೋಚನಾ ಜೋರಾಗಿ ಅತ್ತಳು. ಹೊಸಪೇಟೆಯಲ್ಲಿ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅಳಲಾಗದ್ದನ್ನೆಲ್ಲ ಆ ಅಪರಿಚಿತ ಹೆಂಗಸಿನ ಹೆಗಲ ಮೇಲೆ ಅತ್ತಳು.

ಶ್ರೀಕಂಠ ಎಲ್ಲಿಗೂ ಹೋಗಲಿಲ್ಲ, ಬಾಗಿಲಲ್ಲೇ ನಿಂತ. ಗಂಡೋ ಹೆಣ್ಣೋ ಎಂದು ಒಂಬತ್ತು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ. ತನಗೊಬ್ಬಳು ಮಗಳಿದ್ದಳೆಂದು ಅವನಿಗೆ ಗೊತ್ತಾದದ್ದು ಆಗಲೇ.