ಕಮಾಲ್ ಆರ್ಟ್ಸ್, ಜಯಪುರ

“ಏನೂ ಇಲ್ಲ,” ಎಂದರು ಡಾಕ್ಟರ್ ನಯನ, ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸುತ್ತ. “ಸಾದಾ ಗಡ್ಡೆ. ಮಂಗಳೂರಿನ ಲ್ಯಾಬಿನವರು ಸ್ಪಷ್ಟವಾಗಿ ಹೇಳಿದ್ದಾರೆ. ನೀವು ಹೆದರಿದ್ದು ಅಲ್ಲ.”

ಶಶಿಕಿರಣ ಪರದೆ ನೋಡಿದ. ಅರ್ಥವಾಗಲಿಲ್ಲ. ಅರ್ಥವಾದವನ ಹಾಗೆ ತಲೆಯಾಡಿಸಿದ. ಶೃಂಗೇರಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ರಾಜ್ಯಶಾಸ್ತ್ರ ಪಾಠ ಮಾಡಿದವನಿಗೆ ಅದು ಕಷ್ಟವಲ್ಲ.

“ಥ್ಯಾಂಕ್ಸ್ ಡಾಕ್ಟ್ರೇ.”

“ನನಗ್ಯಾಕೆ? ನಾನೇನು ಗುಣ ಮಾಡಿದ್ದಲ್ಲ. ಕಾಯಿಲೆ ಇರಲೇ ಇಲ್ಲ.”

ಅವರು ನಕ್ಕು ಮುಂದಿನ ರೋಗಿಯನ್ನು ಕರೆದರು. ಆಡಿದ ಮಾತು ತನಗೇ ವಾಪಸು ಬಂದಂತಾಗಿ ಶಶಿಕಿರಣ ಹೊರಗೆ ಬಂದ.

ಕೊಪ್ಪದ ಪೇಟೆಯಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ತರಕಾರಿಯಂಗಡಿಯ ಮುಂದೆ ಒಬ್ಬ ಒದ್ದೆ ಗೋಣಿ ಕೊಡವುತ್ತಿದ್ದ. ಅದರ ನೀರು ಶಶಿಕಿರಣನ ಪ್ಯಾಂಟಿಗೆ ಸಿಡಿಯಿತು. ಅವನಿಗೆ ಸಿಟ್ಟು ಬರಲಿಲ್ಲ. ಸಿಡಿದ ನೀರಿಗೂ ಥ್ಯಾಂಕ್ಸ್ ಹೇಳಬೇಕೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು.

ಫೋನು ತೆಗೆದ. ಹೆಂಡತಿ ಮಹಿಮಾಳ ಹೆಸರಿನ ಮೇಲೆ ಬೆರಳಿಟ್ಟ. ಒತ್ತಲಿಲ್ಲ.

ಗಂಟಲಿನ ಗಡ್ಡೆ ಕಂಡಂದಿನಿಂದ ಅವನ ಮನೆ ಬೇರೆಯೇ ಆಗಿತ್ತು. ಬಡಿಸಿ ಒಳಗೆ ಹೋಗುತ್ತಿದ್ದ ಮಹಿಮಾ ಈಗ ಊಟ ಮುಗಿಯುವವರೆಗೂ ಎದುರಿಗೆ ಕೂರುತ್ತಿದ್ದಳು. ಮಗ ಸಂಧ್ಯಾವಂದನೆ ಬಿಟ್ಟ ಮೇಲೆ ಅವನೊಡನೆ ಮಾತನ್ನೂ ಬಿಟ್ಟಂತಿದ್ದ ತಂದೆ ವೆಂಕಟಸುಬ್ಬಯ್ಯ, ಅವನ ಹೆಸರಿನಲ್ಲಿ ದಿನವೂ ಜಪಕ್ಕೆ ಕೂತಿದ್ದರು. ಕಾಲೇಜಿನಲ್ಲಿ ಎಲ್ಲರೂ ಅವನೊಡನೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಸಾಯಲಿರುವವನ ಪಾತ್ರ ಅವನಿಗೆ ಒಗ್ಗಿತ್ತು. ಚೆನ್ನಾಗಿಯೇ ಮಾಡುತ್ತಿದ್ದೇನೆ ಎಂಬ ಗುಟ್ಟಿನ ಹೆಮ್ಮೆಯೂ ಇತ್ತು. ಈಗ ಬದುಕಬೇಕು. ಅದಕ್ಕೆ ಯಾವ ತಯಾರಿಯೂ ಇರಲಿಲ್ಲ.

ಶೃಂಗೇರಿಯ ಬಸ್ಸು ಬಂತು. ಹತ್ತದೆ ಬಿಟ್ಟ. ಎದುರಿನ ಹಳೇ ಕಟ್ಟಡದ ಮಹಡಿಯ ಮೇಲೆ ಬೋರ್ಡು ಕಂಡಿತು: ಪಟ್ಟಣ ಚಿತ್ರಶಾಲೆ. ಪ್ರವೇಶ ಉಚಿತ. ವಿದ್ಯಾರ್ಥಿಗಳಿಗೆ ಅವನು ಆಗಾಗ ಹೇಳುತ್ತಿದ್ದ, ಕೊಪ್ಪಕ್ಕೆ ಹೋದರೆ ನೋಡಿ ಬನ್ನಿ ಎಂದು. ತಾನು ನೋಡಿರಲಿಲ್ಲ.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದ.

“ಹಾಕ್ಕೊಂಡೇ ಬನ್ನಿ ಸಾರ್,” ಎಂದ ಕುರ್ಚಿಯಲ್ಲಿದ್ದ ಕಾವಲಿನವನು. ಅಂಗಿಯ ಮೇಲೆ ಪರಮೇಶ್ವರ ಎಂದು ಹೆಸರುಪಟ್ಟಿ ಇತ್ತು. “ಇದು ದೇವಸ್ಥಾನ ಅಲ್ಲ.”

“ಯಾರಾದರೂ ಬರ್ತಾರಾ?”

“ಬರ್ತಾರೆ. ಬಸ್ಸು ತಪ್ಪಿದವರು.”

ಒಳಗೆ ಉದ್ದನೆಯ ಹಾಲ್. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ತುಂಗೆಯ ದಡ, ಮೀಸೆ ಹೊತ್ತ ಹಳೇ ಪಟೇಲರು, ಬರೀ ಕೆಂಪು ಗೀಟುಗಳ ಒಂದು ಚಿತ್ರ. ಶಶಿಕಿರಣ ಒಂದೊಂದರ ಮುಂದೂ ನಿಂತ. ನಿಲ್ಲಬೇಕಾದಷ್ಟು ಹೊತ್ತು ಎಷ್ಟು ಎಂದು ತಿಳಿಯದೆ, ಶ್ರಾದ್ಧದ ಮನೆಯಲ್ಲಿ ನಿಂತ ಹಾಗೆ ನಿಂತು ಮುಂದೆ ಸರಿದ. ಚಿತ್ರಗಳಿಗೆ ಅವನಿಂದ ಏನೂ ಬೇಕಿರಲಿಲ್ಲ. ಅದೇ ಒಂದು ಉಪಕಾರವೆನಿಸಿತು.

ಕೊನೆಯ ಮೂಲೆಯಲ್ಲಿ ಒಬ್ಬ ಹೆಂಗಸು ಬೆಂಚಿನ ಮೇಲೆ ಕೂತಿದ್ದರು. ಅರವತ್ತರ ಆಸುಪಾಸು. ಕಪ್ಪು ಬುರ್ಖಾ, ಮುಖ ತೆರೆದಿತ್ತು, ತೊಡೆಯ ಮೇಲೆ ಬಟ್ಟೆಯ ಚೀಲ. ಅವರೆದುರಿಗೆ ಒಂದು ಸಣ್ಣ ಚಿತ್ರ: ಒಲೆಯ ಮೇಲೆ ಅಲ್ಯೂಮಿನಿಯಂ ಕೆಟಲ್. ಕೆಟಲ್ಲಿನ ಹೊಟ್ಟೆಯಲ್ಲಿ ಅಡುಗೆಮನೆಯ ಕಿಟಕಿ ಹೊಳೆಯುತ್ತಿತ್ತು. ಕೆಳಗೆ ಅಂಗಡಿ ಬೋರ್ಡಿನ ದಪ್ಪ ಅಕ್ಷರಗಳಲ್ಲಿ, ಅಕ್ಷರಗಳಿಗೆ ನೆರಳು ಕೊಟ್ಟು, ‘ಕಮಾಲ್ ಆರ್ಟ್ಸ್, ಜಯಪುರ’ ಎಂದು ಬರೆದು ಫೋನ್ ನಂಬರನ್ನೂ ಹಾಕಿತ್ತು.

ಶಶಿಕಿರಣನ ತುಟಿಯಲ್ಲಿ ನಗು ಸುಳಿಯಿತು.

“ನಗ್ತಾರೆ ಎಲ್ಲಾರೂ,” ಎಂದರು ಅವರು. “ನಂಬರ್ ಬೇಡ ಅಂದೆ ನಾನು. ಕೇಳ್ಲಿಲ್ಲ. ಆಯುಷ್ಯ ಪೂರ್ತಿ ಬೋರ್ಡೇ ಬರ್ದಿದ್ದು ಅಲ್ವಾ.”

“ನಿಮ್ಮ ಮನೆಯವರಾ?”

“ಹೌದು. ಕಮಾಲುದ್ದೀನ್ ಅಂತ. ನಾನು ಮುಮ್ತಾಜ್. ತೀರ್ಕೊಂಡು ಎರಡು ಮಳೆಗಾಲ ಆಯ್ತು. ಆ ನಂಬರ್ ಈಗ ನನ್ನ ಹತ್ರ ಇದೆ.”

“ಯಾರಾದರೂ ಫೋನ್ ಮಾಡ್ತಾರಾ?”

“ಒಂದು ಸಲ ಬಂತು. ಬೇಕರಿಗೆ ಬೋರ್ಡ್ ಆಗ್ಬೇಕಿತ್ತಂತೆ.”

ಇಬ್ಬರೂ ಚಿತ್ರ ನೋಡಿದರು.

“ಕೆಟಲ್ಲು ನಮ್ಮನೇದೇ,” ಎಂದರು ಮುಮ್ತಾಜ್. “ಹಿಡಿ ಮುರ್ದು ಯಾವ ಕಾಲ ಆಯ್ತೋ. ಬಟ್ಟೆ ಸುತ್ತಿ ಹಿಡೀತಿದ್ದೆ. ಸರಿ ಮಾಡ್ಕೊಡಿ ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ. ಇಲ್ಲಿ ನೋಡಿ, ಸರಿ ಮಾಡಿದಾರೆ.”

ಚಿತ್ರದಲ್ಲಿ ಹಿಡಿ ಗಟ್ಟಿಯಾಗಿತ್ತು. ಕರಿ ಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಿತ್ತು.

“ಮನೇದನ್ನ?”

“ಮನೇದು ಹಾಗೇ ಇದೆ. ಸುಮಯ್ಯ, ನನ್ನ ಮಗಳು, ಹೊಸದು ತಂದ್ಕೊಟ್ಳು. ಅದ್ರಲ್ಲಿ ಚಾ ಸೇರೋದಿಲ್ಲ ನಂಗೆ.” ಚೀಲದಿಂದ ಫೋನು ತೆಗೆದರು. “ಒಂದು ಫೋಟೋ ಹೊಡೀರಿ ಸಾರ್. ಚಿತ್ರಾನೂ ಬರ್ಬೇಕು, ನಾನೂ.”

ಶಶಿಕಿರಣ ಫೋಟೋ ತೆಗೆದ. ಮೊದಲನೆಯದರಲ್ಲಿ ಅವರು ಕಣ್ಣು ಮುಚ್ಚಿದ್ದರು. ಇನ್ನೊಂದು ತೆಗೆದ. ಅವರು ನೋಡಿ, “ನಿಮ್ಮಿಂದ ಉಪಕಾರ ಆಯ್ತು,” ಎಂದರು. ಎಷ್ಟು ಸುಲಭವಾಗಿ ಹೇಳಿದರು ಎಂದು ಅವನಿಗೆ ಆಶ್ಚರ್ಯವಾಯಿತು.

“ನೀವು ಎಂತಕ್ಕೆ ಬಂದಿದ್ದು ಕೊಪ್ಪಕ್ಕೆ?”

“ಸುಮ್ಮನೆ. ಡಾಕ್ಟರ್ ಹತ್ತಿರ ಸ್ವಲ್ಪ ಕೆಲಸ ಇತ್ತು.”

“ಎಂತ ಆಗಿತ್ತು?”

“ಏನಿಲ್ಲ. ಗಂಟಲಲ್ಲಿ ಗಡ್ಡೆ. ಅದೇ ಇರಬಹುದು ಅಂದುಕೊಂಡಿದ್ವಿ. ಅಲ್ಲವಂತೆ.”

ಮುಮ್ತಾಜ್ ತಲೆಯೆತ್ತಿ ಅವನ ಗಂಟಲನ್ನು ನೋಡಿದರು. ಕೈ ತಾನಾಗಿ ತಮ್ಮ ಗಂಟಲಿಗೆ ಹೋಯಿತು.

“ಇವರಿಗೂ ಅಲ್ಲೇ ಆಗಿದ್ದು,” ಎಂದರು. “ಇವರದ್ದು ಅದೇ ಅಂದ್ರು.”

ನೆಲ ಬಾಯಿ ಬಿಟ್ಟಿದ್ದರೆ ಅವನು ಇಳಿದುಹೋಗುತ್ತಿದ್ದ. ಹೇಳಬಾರದಿತ್ತು. ಕ್ಷಮೆ ಕೇಳಲು ಮಾತು ಹುಡುಕುತ್ತಿರುವಾಗಲೇ ನೋಡಿದ: ಅವರ ಮುಖ ಅರಳಿತ್ತು. ನಟನೆಯಾಗಲಿ, ಮರ್ಯಾದೆಗೆ ತಂದುಕೊಂಡ ನಗುವಾಗಲಿ ಅಲ್ಲ. ತಮ್ಮ ಮನೆಯವರಿಗೇ ಆ ಸುದ್ದಿ ಬಂದಿತೇನೋ ಎಂಬಂತೆ ಕಣ್ಣು ತುಂಬಿಕೊಂಡು ಕೂತಿದ್ದರು.

“ಅಲ್‌ಹಮ್ದುಲಿಲ್ಲಾ. ಒಬ್ಬರಾದ್ರೂ ಬಚಾವಾದ್ರಲ್ಲ. ಮನೇಲಿ ಹೇಳಿದ್ರಾ?”

“ಇನ್ನೂ ಇಲ್ಲ.”

“ಯಾಕೆ?”

ಅವನು ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡ.

“ಮಾಡಿ ಮಾರಾಯ್ರೆ ಫೋನು. ನಾನು ಹಾಗೇ ಕಾಯ್ತಿದ್ದವಳು. ನಂಗೊತ್ತು.”

ಅವನು ಅಲ್ಲೇ, ಅವರೆದುರಿಗೇ ಫೋನು ಮಾಡಿದ. ಮಹಿಮಾ ಮೊದಲ ಗಂಟೆಗೇ ಎತ್ತಿದಳು.

“ಏನೂ ಇಲ್ಲವಂತೆ,” ಎಂದ.

ಆ ಕಡೆಯಿಂದ ಬರೀ ಉಸಿರು. ಆಮೇಲೆ ಅಳು. “ಸರಿಯಾಗಿ ಕೇಳಿದ್ರಾ? ಇನ್ನೊಂದು ಸಲ ಕೇಳಿದ್ರಾ?” ಎಂದು ಅಳುತ್ತಲೇ ಕೇಳಿದಳು. ತಂದೆಯ ಕೈಗೆ ಫೋನು ಹೋಯಿತು. “ಮಾಣಿ, ಶಾರದಾಂಬೆ ಕಣ್ಣು ಬಿಟ್ಟಳು,” ಎಂದರು ವೆಂಕಟಸುಬ್ಬಯ್ಯ. “ಹೂಂ,” ಎಂದ ಅವನು. ಮತ್ತೆ ಮಹಿಮಾ. ಮೂಗೊರೆಸಿಕೊಂಡ ಸದ್ದು.

“ಬೇಗ ಬನ್ನಿ. ಮತ್ತೆ, ಬರುವಾಗ ಮಿಕ್ಸಿ ಜಾರಿನ ವಾಷರ್ ತನ್ನಿ. ಮರೀಬೇಡಿ.”

ಫೋನಿಟ್ಟ. ಇಂದು ರಾತ್ರಿ ಅವಳು ಬಡಿಸಿ ಒಳಗೆ ಹೋಗುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ವಾಷರ್ ತರಲು ಹೇಳಿದ್ದು ಅವನನ್ನು ಬದುಕಿದವರ ಲೆಕ್ಕಕ್ಕೆ ಸೇರಿಸಿಕೊಂಡ ಹಾಗೆ. ಎದೆ ತುಂಬಿ ಬಂತು. ಆದರೂ ಒಳಗೆಲ್ಲೋ ಯಾರೋ ಗಂಟು ಮೂಟೆ ಕಟ್ಟಿಕೊಂಡು ಹೊರಟುಹೋದಂತಿತ್ತು.

ಮುಮ್ತಾಜ್ ಎದ್ದರು. ಜಯಪುರದ ಬಸ್ಸಿನ ಹೊತ್ತಾಗಿತ್ತು. ಚೀಲವನ್ನು ಬೆಂಚಿನ ಮೇಲಿಟ್ಟು, ಸೆರಗಿನ ಹಾಗೆ ಬುರ್ಖಾವನ್ನು ತಲೆಗೆ ಎಳೆದುಕೊಂಡು, ಎರಡೂ ಅಂಗೈಗಳನ್ನು ಎದೆಯ ಮುಂದೆ ತೆರೆದು ಹಿಡಿದರು. ತುಟಿ ಅಲುಗಿತು. ಏನು ಕೇಳಿದರೋ, ಏನು ಒಪ್ಪಿಸಿದರೋ. ಆಮೇಲೆ ಅಂಗೈಗಳಿಂದ ಮುಖ ಸವರಿಕೊಂಡರು.

“ನಿಮ್ಮ ಹೆಸರು ಕೇಳ್ಲೇ ಇಲ್ಲ ನಾನು,” ಎಂದರು.

“ಶಶಿಕಿರಣ.”

“ಹೆಸರು ಗೊತ್ತಿಲ್ಲದಿದ್ರೂ ನಡೀತದೆ ಬಿಡಿ. ಮೇಲಿನವನಿಗೆ ಗೊತ್ತಾಗ್ತದೆ.” ಚಿತ್ರವನ್ನು ಇನ್ನೊಂದು ಸಲ ನೋಡಿ, ಮೆಟ್ಟಿಲಿಳಿದು ಹೋದರು.

ಹಾಲ್‌ನಲ್ಲಿ ಶಶಿಕಿರಣ ಒಬ್ಬನೇ ಉಳಿದ. ಮಹಿಮಾ ಈಗ ದೇವರ ಮುಂದೆ ದೀಪ ಹಚ್ಚಿರುತ್ತಾಳೆ. ತಂದೆ ಜಪದ ಮಣೆಯ ಮೇಲೆ ಕೂತಿರುತ್ತಾರೆ. ಆ ಹೆಂಗಸು ಹೇಳಬೇಕಾದ್ದನ್ನು ಹೇಳಿ ಬಸ್ಸು ಹತ್ತಿರುತ್ತಾರೆ. ಅವನ ಜೀವಕ್ಕಾಗಿ ಎಲ್ಲರೂ ಯಾರಿಗೋ ಕೃತಜ್ಞತೆ ಸಲ್ಲಿಸಿ ಆಗಿತ್ತು. ಅವನದು ಮಾತ್ರ ಬಾಕಿ. ಅದು ಇತ್ತು, ಸುಳ್ಳಲ್ಲ, ತುಂಬಾ ಇತ್ತು, ಕಣ್ಣು ಮಂಜಾಗುವಷ್ಟು ಇತ್ತು.

ಕೈ ಮುಗಿಯಲು ಹೋದ. ಎದುರಿಗಿದ್ದದ್ದು ಕೆಟಲ್. ಕೈಗಳು ಅರ್ಧಕ್ಕೇ ನಿಂತವು. ನಿಧಾನವಾಗಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ, ಅವನು ಎರಡೂ ಅಂಗೈಗಳನ್ನು ಮೇಲಕ್ಕೆ ತೆರೆದು ಹಿಡಿದ. ಮುಂದೇನು ಮಾಡಬೇಕೆಂದು ಗೊತ್ತಾಗಲಿಲ್ಲ. ಹಾಗೇ ನಿಂತ.

“ಇಲ್ಲೂ ಸೋರಕ್ಕೆ ಶುರುವಾಯ್ತಾ ಸಾರ್?”

ಪರಮೇಶ್ವರ ಬಾಗಿಲಲ್ಲಿ ನಿಂತು ಅವನ ಕೈಗಳನ್ನೂ ಅವುಗಳ ನೇರದ ತಾರಸಿಯನ್ನೂ ನೋಡುತ್ತಿದ್ದ.

ಇಲ್ಲ ಎನ್ನಬಹುದಿತ್ತು. “ಗೊತ್ತಾಗ್ತಾ ಇಲ್ಲ,” ಎಂದ ಶಶಿಕಿರಣ.

ಪರಮೇಶ್ವರ ಒಳಗೆ ಹೋಗಿ ಕೆಂಪು ಪ್ಲಾಸ್ಟಿಕ್ ಬಕೆಟ್ಟು ತಂದ. ಅವನ ಅಂಗೈಗಳ ಕೆಳಗೆ ಸರಿಯಾಗಿ ಇಟ್ಟ. ಮೇಲೆ ನೋಡಿ, ಕಾಲಿನಿಂದ ಸ್ವಲ್ಪ ಈಚೆಗೆ ಸರಿಸಿದ.

“ಮಳೆ ನಿಂತ್ಮೇಲೂ ಸುಮಾರು ಹೊತ್ತು ಬೀಳ್ತದೆ. ತಡೀರಿ.”

ಇಬ್ಬರೂ ಕತ್ತೆತ್ತಿ ಕಾದರು. ತಾರಸಿ ಬೆಳ್ಳಗಿತ್ತು, ಒಣಗಿತ್ತು. ಒಂದು ಕಲೆಯೂ ಇರಲಿಲ್ಲ. ಶಶಿಕಿರಣ ಕೈ ಕೆಳಗಿಳಿಸಲಿಲ್ಲ. ಬಕೆಟ್ಟು ಬಾಯಿ ತೆರೆದುಕೊಂಡು ಇಬ್ಬರ ನಡುವೆ ಕೂತಿತ್ತು.